ಮಗಳ ಮುಖವೇ ಸ್ಟಿಕ್ಕರ್ ಆಗಿದೆ. ಇದು ತಮಾಷೆಯಾ, ಕಿರುಕುಳವಾ?

ಹೊಂಗೆನೆರಳು:

ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುವುದು ಇದೇ ಮೊದಲು. ಉದ್ದವಾದರೆ ಕ್ಷಮಿಸಿ.

ಮಗಳು 9ನೇ ತರಗತಿ. ಶಾಲೆಯ ಪ್ರವಾಸದಲ್ಲಿ ಬಸ್ಸಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಯಾರೋ ಫೋಟೊ ತೆಗೆದಿದ್ದಾರೆ. ಮುಖವನ್ನಷ್ಟೇ ಕತ್ತರಿಸಿ ವಾಟ್ಸಾಪ್ ಸ್ಟಿಕ್ಕರ್ ಮಾಡಿದ್ದಾರೆ. ಆಮೇಲೆ ಕ್ಲಾಸಿನ ಗ್ರೂಪಿನಲ್ಲಿ ಯಾರು ಏನೇ ಹೇಳಲಿ, ಉತ್ತರ ಅದೇ ಸ್ಟಿಕ್ಕರ್. ಪರೀಕ್ಷೆ ಮುಂದಕ್ಕೆ ಹೋಯಿತಾ? ಸ್ಟಿಕ್ಕರ್. ಮ್ಯಾಚ್ ಸೋತರಾ? ಸ್ಟಿಕ್ಕರ್. ಯಾರದೋ ಹುಟ್ಟುಹಬ್ಬವಾ? ಅದಕ್ಕೂ ಅದೇ. ಎರಡು ತಿಂಗಳು ಹೀಗೇ ನಡೆದಿದೆ.

ನನಗೆ ಗೊತ್ತಾಗಿದ್ದು ಮೊನ್ನೆ. ಅವಳು ಫೋನನ್ನು ಬೋರಲು ಇಡಲು ಶುರು ಮಾಡಿದ್ದಳು. ಸೋಮವಾರ ಬೆಳಗ್ಗೆ ಬಂತೆಂದರೆ ಹೊಟ್ಟೆನೋವು. ನಾನು ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡೆ. ಕೊನೆಗೆ ಅವಳೇ ಬಾಯಿ ಬಿಟ್ಟಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಹೇಳಿದ್ರೆ ನೀನು ಫೋನ್ ಕಿತ್ಕೋತೀಯ ಅಮ್ಮ" ಅಂದಳು. ನಿಜ, ಕಿತ್ತುಕೊಳ್ಳುತ್ತಿದ್ದೆ.

ನಮ್ಮ ಯಜಮಾನರು "ತಲೆ ಕೆಡಿಸಿಕೊಳ್ಳಬೇಡ, ಅದಾಗಿಯೇ ನಿಲ್ಲುತ್ತೆ" ಅನ್ನುತ್ತಾರೆ. ಆ ಗ್ರೂಪಿನಲ್ಲಿ ಇರುವವರು ನಮ್ಮ ಮನೆಗೆ ಬಂದು ಆಡಿದ ಮಕ್ಕಳೇ. ಕೆಟ್ಟವರಲ್ಲ. ಹಾಗಾದರೆ ಯಾಕೆ ಹೀಗೆ ಮಾಡುತ್ತಾರೆ? ಅಥವಾ ನಾನೇ ಅತಿಯಾಗಿ ಯೋಚಿಸುತ್ತಿದ್ದೇನಾ?

ಹಳೆಬೇರು:

ಅಮ್ಮಾ, ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ನಮ್ಮ ಕಾಲದಲ್ಲೂ ಇದೆಲ್ಲ ಇತ್ತು. ನನ್ನನ್ನು ಹತ್ತು ವರ್ಷ "ಸೊಟ್ಟಮೂಗ" ಅಂತಲೇ ಕರೆದರು. ಅಡ್ಡಹೆಸರು ಇಲ್ಲದವನು ಕ್ಲಾಸಿನಲ್ಲಿ ಒಬ್ಬನೂ ಇರಲಿಲ್ಲ. ಯಾರೂ ಅದಕ್ಕಾಗಿ ಡಾಕ್ಟರ ಹತ್ತಿರ ಓಡಲಿಲ್ಲ. ಫೋನ್ ಆಫ್ ಮಾಡಿ ಬೀರುವಿನಲ್ಲಿ ಇಡಿ, ಮುಗಿಯಿತು.

ನಡುಬೆಂಚು:

ಹಳೆಬೇರು ಸರ್, ನಾನು 19 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನನಗೂ ಮಕ್ಕಳು ಇಟ್ಟ ಅಡ್ಡಹೆಸರು ಇದೆ. ಅದೇನೆಂದು ಇಲ್ಲಿ ಹೇಳುವುದಿಲ್ಲ. ಆದರೆ ಇದು ಅದಲ್ಲ.

"ಸೊಟ್ಟಮೂಗ" ಅನ್ನುವುದು ಸಂಜೆ ಗಂಟೆ ಹೊಡೆದ ಮೇಲೆ ಶಾಲೆಯಲ್ಲೇ ಉಳಿಯುತ್ತಿತ್ತು, ಅಲ್ವಾ? ಮನೆಗೆ ಬಂದರೆ ನೀವು ಮನೆಯ ಮಗ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಆ ಹೆಸರು ಕಿವಿಗೆ ಬೀಳುತ್ತಿರಲಿಲ್ಲ. ಈ ಹುಡುಗಿಯ ಹಾಸಿಗೆಯ ಪಕ್ಕದಲ್ಲೇ ಆ ಗ್ರೂಪ್ ಮಲಗುತ್ತದೆ. ಇನ್ನೊಂದು ಮಾತು. ನಿಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಅಡ್ಡಹೆಸರು ಇತ್ತು ಅಂದಿರಿ. ಇಲ್ಲಿ ಸ್ಟಿಕ್ಕರ್ ಆಗಿರುವುದು ಒಬ್ಬಳೇ.

ಬುಲ್ಲಿಯಿಂಗ್, ಅಂದರೆ ಒಬ್ಬರನ್ನು ಹೀಗೆ ಕಾಡುವುದರ ಬಗ್ಗೆ ಮೊದಲು ಗಂಭೀರವಾಗಿ ಅಧ್ಯಯನ ಮಾಡಿದವರಲ್ಲಿ ಡ್ಯಾನ್ ಓಲ್ವಿಯಸ್ ಮುಖ್ಯರು. 1970ರ ದಶಕದಿಂದಲೇ ಸ್ವೀಡನ್, ನಾರ್ವೆ ಶಾಲೆಗಳಲ್ಲಿ ಕೆಲಸ ಮಾಡಿದವರು. ಮೂವರು ಹುಡುಗರು ಜೀವ ಕಳೆದುಕೊಂಡ ಮೇಲೆ 1983ರಲ್ಲಿ ನಾರ್ವೆ ಸರ್ಕಾರ ದೇಶದ ಎಲ್ಲ ಶಾಲೆಗಳಲ್ಲಿ ಇದರ ವಿರುದ್ಧ ಅಭಿಯಾನ ಶುರು ಮಾಡಿತು. ಅದರಲ್ಲೂ ಓಲ್ವಿಯಸ್ ಇದ್ದರು. ಅವರು ಹೇಳಿದ ಮೂರು ಗುರುತು ಈಗಲೂ ಕೆಲಸಕ್ಕೆ ಬರುತ್ತವೆ. ಬೇಕೆಂದೇ ನೋಯಿಸುವುದು. ಮತ್ತೆ ಮತ್ತೆ ಮಾಡುವುದು. ಇಬ್ಬರ ಬಲ ಸಮ ಇಲ್ಲದಿರುವುದು.

ಆನ್‌ಲೈನಿನಲ್ಲಿ ಈ ಮೂರೂ ಸ್ವಲ್ಪ ವೇಷ ಬದಲಿಸುತ್ತವೆ. ಬಲ ಅಂದರೆ ಇಲ್ಲಿ ತೋಳಲ್ಲ. ಯಾರ ಕೈಯಲ್ಲಿ ಸ್ಕ್ರೀನ್‌ಶಾಟ್ ಇದೆ, ಯಾರ ಬೆನ್ನಿಗೆ ಎಷ್ಟು ಜನ ಇದ್ದಾರೆ, ಅದು. "ಮತ್ತೆ ಮತ್ತೆ" ಅನ್ನುವುದೂ ಬೇರೆ. ಒಬ್ಬನೇ ನಲವತ್ತು ಸಲ ಮಾಡಬೇಕಾಗಿಲ್ಲ. ನಲವತ್ತು ಜನ ಒಂದೊಂದು ಸಲ ಕಳಿಸಿದರೆ ಸಾಕು. ಪ್ರತಿಯೊಬ್ಬನೂ "ನಾನು ಒಂದೇ ಸಲ ಕಳಿಸಿದ್ದು ಟೀಚರ್" ಅನ್ನುತ್ತಾನೆ. ಸುಳ್ಳೂ ಅಲ್ಲ. ಆದರೆ ಅವಳಿಗೆ ತಲುಪಿದ್ದು ನಲವತ್ತು.

ಸುಮ್ನೆ_ಓದುಗ:

ಎಲ್ಲಕ್ಕೂ ಕಾರಣ ಫೇಕ್ ಅಕೌಂಟ್. ಹೆಸರು ಮುಚ್ಚಿಟ್ಟುಕೊಂಡರೆ ಯಾರು ಬೇಕಾದರೂ ಹುಲಿಯೇ. ಗುರುತಿನ ಚೀಟಿ ಇಲ್ಲದೆ ಯಾರಿಗೂ ಖಾತೆ ಕೊಡಬಾರದು. ಒಂದೇ ದಿನದಲ್ಲಿ ಎಲ್ಲ ಸರಿಹೋಗುತ್ತದೆ.

ಸರ್ವರ್_ಸಿದ್ದ:

ಓದುಗರೇ, ಇದನ್ನು ಒಂದು ದೇಶ ಮಾಡಿ ನೋಡಿದೆ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ವೆಬ್‌ಸೈಟುಗಳಲ್ಲಿ ಕಾಮೆಂಟ್ ಹಾಕುವ ಮೊದಲು ನಿಜವಾದ ಗುರುತು ಕೊಡಬೇಕು ಎಂದು ಕಾನೂನು ತಂದಿತು. ಬೈಗುಳ ನಿಲ್ಲಲಿಲ್ಲ. 2011ರಲ್ಲಿ ಅಲ್ಲಿನ ಒಂದು ದೊಡ್ಡ ತಾಣದಿಂದ ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಕಳುವಾಯಿತು. 2012ರ ಆಗಸ್ಟಿನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನೇ ರದ್ದು ಮಾಡಿತು.

ಫೇಕ್ ಅಕೌಂಟ್ ಕಾಟ ಇಲ್ಲ ಅನ್ನುತ್ತಿಲ್ಲ. ಆದರೆ ಹೊಂಗೆನೆರಳು ಅವರ ಮಗಳ ಗ್ರೂಪಿನಲ್ಲಿ ಒಬ್ಬರಾದರೂ ಮುಖ ಮುಚ್ಚಿಕೊಂಡಿದ್ದಾರಾ? ಹೆಸರು, ನಂಬರು, ಡಿಪಿ, ರೋಲ್ ನಂಬರ್ ಎಲ್ಲ ಗೊತ್ತು.

ಜಾನ್ ಸುಲರ್ ಎಂಬ ಮನಶ್ಶಾಸ್ತ್ರಜ್ಞ 2004ರಲ್ಲಿ ಒಂದು ಲೇಖನ ಬರೆದರು. ಎದುರಿಗೆ ಆಡದ ಮಾತನ್ನು ಜನ ಪರದೆಯ ಮೇಲೆ ಯಾಕೆ ಆಡುತ್ತಾರೆ ಎನ್ನುವುದೇ ವಿಷಯ. ಹೆಸರು ಗೊತ್ತಾಗದಿರುವುದು ಅವರು ಕೊಟ್ಟ ಆರು ಕಾರಣಗಳಲ್ಲಿ ಒಂದು ಅಷ್ಟೇ. ಎದುರಿನವರು ಕಣ್ಣಿಗೆ ಕಾಣದಿರುವುದು ಇನ್ನೊಂದು. ಉತ್ತರ ತಡವಾಗಿ ಬರುವುದು ಮತ್ತೊಂದು. ಮಾತು ಎಸೆದು ಎದ್ದು ಹೋಗಬಹುದು. ಬಿದ್ದ ಜಾಗದಲ್ಲಿ ಏನಾಯಿತು ಎಂದು ನೋಡಬೇಕಾಗಿಲ್ಲ. ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಇದೇ. ಎದುರಿಗಿದ್ದರೆ ಆ ಹುಡುಗಿಯ ಕಣ್ಣು ತುಂಬಿದ ತಕ್ಷಣ ಅರ್ಧ ಕ್ಲಾಸ್ ಸುಮ್ಮನಾಗುತ್ತಿತ್ತು. ಫೋನಿನಲ್ಲಿ ಕಾಣುವುದು ಎರಡು ನೀಲಿ ಗೆರೆ ಮಾತ್ರ.

ಹೆಸರು_ಬೇಡ:

ನಾನು ಮಾಡಿದವನು. ಅದಕ್ಕೇ ಈ ಹೆಸರು.

16 ವರ್ಷ ಆಗ. ಕ್ಲಾಸಿನಲ್ಲಿ ಒಬ್ಬನಿಗೆ ಮಾತಾಡುವಾಗ ಉಗ್ಗು ಇತ್ತು. ಅವನು ಹೋಮ್‌ವರ್ಕ್ ಕೇಳಿ ಕಳಿಸಿದ ವಾಯ್ಸ್ ಮೆಸೇಜನ್ನು ನಾನು ತಾಳ ಹಾಕಿ ರೀಮಿಕ್ಸ್ ಮಾಡಿದೆ. ಚೆನ್ನಾಗಿ ಬಂದಿತ್ತು ಅಂತಲೇ ಹೇಳಬೇಕು, ನಾಚಿಕೆಯಾದರೂ. ಅರ್ಧ ಗಂಟೆಯಲ್ಲಿ ಬೇರೆ ಸೆಕ್ಷನ್ನಿಗೂ ಹೋಯಿತು. ಜನ ಕಾರಿಡಾರಿನಲ್ಲಿ ನಿಲ್ಲಿಸಿ "ಸಖತ್ತಾಗಿದೆ ಮಗಾ" ಅಂದರು. ಅಲ್ಲಿಯವರೆಗೆ ನನ್ನ ಹೆಸರೂ ಅವರಿಗೆ ಗೊತ್ತಿರಲಿಲ್ಲ.

ಯಾಕೆ ಮಾಡಿದೆ ಅಂತ ಬಹಳ ಸಲ ಯೋಚಿಸಿದ್ದೇನೆ. ಅವನ ಮೇಲೆ ಸಿಟ್ಟು ಇರಲಿಲ್ಲ. ಹಿಂದಿನ ವರ್ಷ ಅವರೆಲ್ಲ ಆಡಿಕೊಳ್ಳುತ್ತಿದ್ದುದು ನನ್ನನ್ನು. ದಪ್ಪ ಇದ್ದೆ. ಒಬ್ಬನಲ್ಲ ಒಬ್ಬ ಸಿಕ್ಕಿಹಾಕಿಕೊಳ್ಳಲೇಬೇಕು ಎಂದು ನನಗೆ ಖಾತ್ರಿಯಾಗಿತ್ತು. ಅದು ನಾನಾಗದಿದ್ದರೆ ಸಾಕಿತ್ತು.

ಆರು ವರ್ಷದ ನಂತರ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವನು "ಸರಿ" ಅಂದ. ಅಷ್ಟೇ. ಕಥೆಯಲ್ಲಿ ಬರುವ ಹಾಗೆ ಅಪ್ಪಿಕೊಳ್ಳಲಿಲ್ಲ. ಅವನು ಈಗಲೂ ಯಾರಿಗೂ ವಾಯ್ಸ್ ಮೆಸೇಜ್ ಕಳಿಸುವುದಿಲ್ಲ. ಟೈಪ್ ಮಾಡುತ್ತಾನೆ, ಎಷ್ಟೇ ಉದ್ದ ಇರಲಿ.

ಕಿವಿಗೊಡುವವಳು:

ಹೆಸರು_ಬೇಡ, ಬರೆದಿದ್ದಕ್ಕೆ ಥ್ಯಾಂಕ್ಸ್. ನಾನು ಮಕ್ಕಳ ಜೊತೆ ಕೌನ್ಸೆಲಿಂಗ್ ಕೆಲಸ ಮಾಡುತ್ತೇನೆ. ನಿಮ್ಮಂಥವರು ಬಹಳ ಜನ. ಒಂದು ಕಡೆ ಪೆಟ್ಟು ತಿಂದು ಇನ್ನೊಂದು ಕಡೆ ಕೊಡುವವರು. ಬರೀ ಅನುಭವಿಸಿದವರಿಗಿಂತ, ಬರೀ ಮಾಡಿದವರಿಗಿಂತ, ಎರಡರಲ್ಲೂ ಇದ್ದ ಮಕ್ಕಳ ಸ್ಥಿತಿ ಹೆಚ್ಚಾಗಿ ಜಾಸ್ತಿ ಹದಗೆಟ್ಟಿರುತ್ತದೆ.

ಹೊಂಗೆನೆರಳು ಅಕ್ಕ, ನೀವು ಹೇಳಿದ ಹೊಟ್ಟೆನೋವು ನಾಟಕ ಅಲ್ಲ. ತಲೆನೋವು, ಹೊಟ್ಟೆನೋವು, ನಿದ್ದೆ ಕೆಡುವುದು, ಅಂಕ ಇಳಿಯುವುದು, ಇಷ್ಟದ ಆಟ ಬಿಡುವುದು, ಇವೆಲ್ಲ ಮೊದಲು ಬರುತ್ತವೆ. ನೋಟಿಫಿಕೇಶನ್ ಸದ್ದಿಗೆ ಬೆಚ್ಚಿಬೀಳುವ ಮಕ್ಕಳನ್ನು ನೋಡಿದ್ದೇನೆ. ಹಾಗೇ ಬಿಟ್ಟರೆ ಆತಂಕ, ಖಿನ್ನತೆ ಜೊತೆಯಾಗುತ್ತವೆ. ಕೆಲವರಿಗೆ ಸಾಯುವ ಯೋಚನೆಯೂ ಬರುತ್ತದೆ.

ಅವಮಾನ ಮೈಗೆ ಯಾಕೆ ತಾಗುತ್ತದೆ ಎನ್ನುವುದಕ್ಕೆ ಒಂದು ಪ್ರಯೋಗ ಇದೆ. ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞ ಪಾರ್ಕಿನಲ್ಲಿ ಕೂತಿದ್ದಾಗ ಅಪರಿಚಿತರ ಫ್ರಿಸ್ಬೀ ಬಂದು ತಾಗಿತು. ಇವರು ವಾಪಸ್ ಎಸೆದರು. ಅವರು ಮತ್ತೆ ಇವರಿಗೆ ಎಸೆದರು. ಸ್ವಲ್ಪ ಹೊತ್ತು ಆಡಿಸಿ, ಆಮೇಲೆ ಎಸೆಯುವುದನ್ನೇ ನಿಲ್ಲಿಸಿದರು. ಪರಿಚಯವೇ ಇಲ್ಲದವರು ಬಿಟ್ಟುಬಿಟ್ಟರೂ ಎಷ್ಟು ಚುಚ್ಚಿತು ಎಂದು ಅವರಿಗೇ ಆಶ್ಚರ್ಯ. ಅದರಿಂದ ಸೈಬರ್‌ಬಾಲ್ ಎಂಬ ಕಂಪ್ಯೂಟರ್ ಆಟ ಹುಟ್ಟಿತು. 2003ರಲ್ಲಿ ಅವರು ನವೋಮಿ ಐಸನ್‌ಬರ್ಗರ್ ಮತ್ತು ಮ್ಯಾಥ್ಯೂ ಲೀಬರ್‌ಮನ್ ಜೊತೆ ಸೇರಿ ಆ ಆಟ ಆಡುವವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಚೆಂಡು ತಮಗೆ ಬರುವುದು ನಿಂತಾಗ, ಮೈನೋವಿನ ಸಂಕಟಕ್ಕೂ ಸಂಬಂಧ ಇರುವ ಒಂದು ಭಾಗ ಚುರುಕಾಯಿತು. ಆಡುತ್ತಿದ್ದುದು ಬರೀ ಒಂದು ಕಂಪ್ಯೂಟರ್ ಪ್ರೋಗ್ರಾಂ! ಹಾಗಿದ್ದ ಮೇಲೆ ಪ್ರತಿದಿನ ಪಕ್ಕದಲ್ಲಿ ಕೂರುವ ಗೆಳತಿಯರೇ ಹೀಗೆ ಮಾಡಿದರೆ ನಿಮ್ಮ ಮಗಳಿಗೆ ಎಷ್ಟು ಚುಚ್ಚಬೇಡ?

ಒಂದು ಕೆಲಸ ಇವತ್ತೇ ಮಾಡಿ. "ಬದುಕಿರುವುದೇ ಬೇಡ ಅಂತ ಯಾವತ್ತಾದರೂ ಅನಿಸಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಬೇಡ, ಹಾಗೆ ಆಗುವುದಿಲ್ಲ. ಹೌದು ಎಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ಡಾಕ್ಟರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ.

ಮತ್ತೆ, ಫೋನ್ ಕಿತ್ತುಕೊಳ್ಳುವುದಿಲ್ಲ ಎಂದು ಮಾತು ಕೊಡಿ. ಅವಳ ಪಾಲಿಗೆ ಅದು ತಪ್ಪು ಮಾಡಿದವರನ್ನು ಬಿಟ್ಟು ಅವಳಿಗೇ ಶಿಕ್ಷೆ ಕೊಟ್ಟ ಹಾಗೆ.

ಹಳೆಬೇರು:

ಗುಂಪಿನಲ್ಲಿ ಯಾರೂ ಕೈ ಮಾಡಿಲ್ಲ, ಬೈದಿಲ್ಲ. ಒಂದು ಫೋಟೊ. ಇದಕ್ಕೆ ಮಿದುಳಿನ ಸ್ಕ್ಯಾನಿನವರೆಗೆ ಹೋಗಬೇಕಾ? ಎಲ್ಲ ತಪ್ಪನ್ನೂ ಇಂಟರ್‌ನೆಟ್ ತಲೆಗೆ ಕಟ್ಟುವುದು ಒಂದು ಫ್ಯಾಶನ್ ಆಗಿದೆ.

ಸರ್ವರ್_ಸಿದ್ದ:

ಕೊನೆಯ ಸಾಲಿನಲ್ಲಿ ಮಾತ್ರ ನಾನು ನಿಮ್ಮ ಕಡೆ ಸರ್. 2017ರಲ್ಲಿ ಇಂಗ್ಲೆಂಡಿನ 15 ವರ್ಷದ 1 ಲಕ್ಷಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಪದೇ ಪದೇ ಕಿರುಕುಳ ಅನುಭವಿಸಿದವರಲ್ಲಿ ಹೆಚ್ಚಿನವರಿಗೆ ಅದು ಎದುರೆದುರೇ ಆಗಿತ್ತು. ಆನ್‌ಲೈನಿನಲ್ಲಿ ಮಾತ್ರ ಅನುಭವಿಸಿದವರು ಒಟ್ಟು ಮಕ್ಕಳಲ್ಲಿ ಶೇಕಡಾ 1ಕ್ಕಿಂತ ಕಡಿಮೆ. ಅಂದರೆ ಫೋನಿನಲ್ಲಿ ಕಾಡುವವರು ಬಹುತೇಕ ಕಾರಿಡಾರಿನಲ್ಲೂ ಕಾಡುತ್ತಿದ್ದಾರೆ. ಫೋನ್ ಬೀರುವಿನಲ್ಲಿ ಇಟ್ಟರೆ ಕಾರಿಡಾರ್ ಎಲ್ಲಿ ಹೋಗುತ್ತದೆ?

ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸೋಶಿಯಲ್ ಮೀಡಿಯಾ ಖಾತೆ ಬಂದ್ ಮಾಡಿತು. ಆ ಪಟ್ಟಿಯಲ್ಲಿ ಇನ್‌ಸ್ಟಾಗ್ರಾಂ, ಟಿಕ್‌ಟಾಕ್ ಇವೆ. ವಾಟ್ಸಾಪ್ ಇಲ್ಲ. ಈ ಸ್ಟಿಕ್ಕರ್ ಅಲ್ಲಿದ್ದರೂ ಆರಾಮಾಗಿ ಓಡಾಡುತ್ತಿತ್ತು.

ಹದಿನೇಳು_ಪ್ಲಸ್:

ನನಗೆ 17. ಇಲ್ಲಿ ಎಲ್ಲರೂ ದೊಡ್ಡವರು ಅನಿಸುತ್ತೆ, ಆದರೂ ಬರೆಯುತ್ತೇನೆ.

ದೊಡ್ಡವರು "ಬ್ಲಾಕ್ ಮಾಡು", "ಗ್ರೂಪಿನಿಂದ ಹೊರಗೆ ಬಾ" ಅನ್ನುತ್ತಾರೆ. ಹೋಮ್‌ವರ್ಕ್, ಟೈಮ್‌ಟೇಬಲ್, ಯಾರ ಮನೆಯಲ್ಲಿ ಸೇರುವುದು, ಎಲ್ಲ ಬರುವುದು ಅದೇ ಗ್ರೂಪಿನಲ್ಲಿ. ಈಗ ಸದ್ದಿಲ್ಲದೆ ಹೊರಬರಬಹುದು, ಅಡ್ಮಿನ್‌ಗೆ ಮಾತ್ರ ಗೊತ್ತಾಗುತ್ತದೆ. ಆದರೆ ಅಡ್ಮಿನ್ನೇ ಅವನಾದರೆ? ಐದು ನಿಮಿಷದಲ್ಲಿ "ಮೇಡಂಗೆ ಬೇಜಾರಾಯ್ತಂತೆ" ಅಂತ ಶುರು. ಜೊತೆಗೆ ಅದೇ ಸ್ಟಿಕ್ಕರ್.

ಇನ್‌ಸ್ಟಾದಲ್ಲಾದರೆ ಬ್ಲಾಕ್‌ಗಿಂತ ರಿಸ್ಟ್ರಿಕ್ಟ್ ವಾಸಿ. 2019ರಲ್ಲಿ ಬಂದಿದ್ದು. ಅವರು ಹಾಕುವ ಕಾಮೆಂಟ್ ಅವರಿಗೆ ಮಾತ್ರ ಕಾಣುತ್ತದೆ, ರಿಸ್ಟ್ರಿಕ್ಟ್ ಆಗಿದೆ ಅಂತ ಅವರಿಗೆ ಗೊತ್ತಾಗುವುದಿಲ್ಲ. ಗೋಡೆ ಜೊತೆ ಮಾತಾಡುತ್ತಿರುತ್ತಾರೆ ಪಾಪ.

ಇನ್ನೊಂದು ವಿಷಯ. ಗ್ರೂಪಿನಲ್ಲಿ ನಗುವ ಇಮೋಜಿ ಹಾಕುವವರಲ್ಲಿ ಅರ್ಧ ಜನ ಅಲ್ಲಿ ನಗುತ್ತಿರುವುದಿಲ್ಲ. ನಾನೂ ಹಾಕಿದ್ದೇನೆ, ಮಲಗಿಕೊಂಡು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ಹಾಕದಿದ್ದರೆ "ಯಾಕೆ, ಅವಳ ಲಾಯರ್ರಾ ನೀನು?" ಅಂತಾರೆ. ನನಗೆ ಒಮ್ಮೆ ಹೀಗಾದಾಗ ಒಬ್ಬ ಹುಡುಗಿ ಪ್ರೈವೇಟಾಗಿ "ಅದು ನಂಗೆ ಇಷ್ಟ ಆಗಲಿಲ್ಲ, ನೀನು ಊಟ ಮಾಡಿದ್ಯಾ?" ಅಂತ ಕಳಿಸಿದಳು. ಗ್ರೂಪಿನಲ್ಲಿ ಅವಳು ಏನೂ ಹೇಳಲಿಲ್ಲ. ಆದರೂ ಆ ರಾತ್ರಿ ನಿದ್ದೆ ಬಂತು.

ನಡುಬೆಂಚು:

ಹದಿನೇಳು, ನೀನು ಹೇಳಿದ್ದರ ಮೇಲೆಯೇ ಫಿನ್ಲೆಂಡಿನಲ್ಲಿ ಒಂದು ಇಡೀ ಕಾರ್ಯಕ್ರಮ ನಡೆಯುತ್ತಿದೆ. ಕೀವಾ ಎಂದು ಹೆಸರು. ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟೀನಾ ಸಾಲ್ಮಿವಾಲಿ ಅವರ ತಂಡ ರೂಪಿಸಿದ್ದು. ಕಾಡುವವನು, ಕಾಡಿಸಿಕೊಳ್ಳುವವನು, ಈ ಇಬ್ಬರನ್ನಷ್ಟೇ ನೋಡಬೇಡಿ, ಸುತ್ತ ನಿಂತವರನ್ನು ನೋಡಿ ಎನ್ನುವುದು ಅದರ ತಿರುಳು. ಜೊತೆಗೆ ಸೇರುವವರು, ನಕ್ಕು ಹುರಿದುಂಬಿಸುವವರು, ನೋಡಿಯೂ ನೋಡದವರು, ಪರವಾಗಿ ನಿಲ್ಲುವವರು ಎಂದು ಅವರು ವಿಂಗಡಿಸುತ್ತಾರೆ. ನನ್ನ ಅನುಭವದಲ್ಲಿ ಕಾಡುವವನನ್ನು ಬದಲಿಸುವುದು ಕಷ್ಟ. ನಗುವವರನ್ನು ನಗದ ಹಾಗೆ ಮಾಡುವುದು ಅಷ್ಟು ಕಷ್ಟ ಅಲ್ಲ. ನಗುವವರಿಲ್ಲದಿದ್ದರೆ ಅವನಿಗೂ ಬೇಗ ಬೇಸರ ಬರುತ್ತದೆ.

ಬಿಸಿಬಿಸಿ:

ಇಷ್ಟೆಲ್ಲ ಯಾಕೆ? ಸ್ಟಿಕ್ಕರ್ ಮಾಡಿದವನ ಫೋಟೊ, ಹೆಸರು, ಶಾಲೆ ಎಲ್ಲ ಇಲ್ಲಿ ಹಾಕಿ. ನಾವು ವೈರಲ್ ಮಾಡುತ್ತೇವೆ. ಬುದ್ಧಿ ಬರುತ್ತೆ.

ಕಿವಿಗೊಡುವವಳು:

ದಯವಿಟ್ಟು ಬೇಡ. 14 ವರ್ಷದ ಮಗು ಅದೂ. ನಲವತ್ತು ಜನ ಒಬ್ಬಳ ಮೇಲೆ ಬಿದ್ದಿದ್ದಕ್ಕೆ ನಾವು ನಾಲ್ಕು ಸಾವಿರ ಜನ ಇನ್ನೊಬ್ಬರ ಮೇಲೆ ಬೀಳುವುದಾ?

ದೊಡ್ಡವರು "ನ್ಯಾಯ" ಅಂದುಕೊಂಡು ಮಾಡುವುದೂ ಹೀಗೇ ಇರುತ್ತದೆ. ಜಪಾನಿನ ಕುಸ್ತಿಪಟು ಹನಾ ಕಿಮುರಾ ಒಂದು ರಿಯಾಲಿಟಿ ಶೋದಲ್ಲಿ ಸಿಟ್ಟು ಮಾಡಿಕೊಂಡರು. ನೋಡಿದ ಜನ ತಾವೇ ಜಡ್ಜ್ ಆಗಿ ಬೈಗುಳದ ಮಳೆ ಸುರಿಸಿದರು. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು, 22 ವರ್ಷ. ಯಾವ ಸಾವಿಗೂ ಒಂದೇ ಕಾರಣ ಇರುವುದಿಲ್ಲ, ಅದು ನನಗೂ ಗೊತ್ತು. ಆದರೆ ಅದಾದ ಮೇಲೆ ಜಪಾನ್ 2022ರಲ್ಲಿ ಅವಮಾನಕ್ಕೆ ಇದ್ದ ಶಿಕ್ಷೆಯನ್ನು ಒಂದು ವರ್ಷದ ಜೈಲಿನವರೆಗೆ ಏರಿಸಿತು.

ಸರ್ವರ್_ಸಿದ್ದ:

ಬಿಸಿಬಿಸಿ ಅವರ ಮಾತು ಬಿಡಿ. ಅಕ್ಕ, ಕೈಯಲ್ಲಿ ಮಾಡುವ ಕೆಲಸ ಹೇಳುತ್ತೇನೆ.

ಮಗಳು ಸಿಟ್ಟಿನಲ್ಲಿ ಚಾಟ್ ಅಳಿಸದ ಹಾಗೆ ನೋಡಿಕೊಳ್ಳಿ. ಮೊದಲು ಸ್ಕ್ರೀನ್‌ಶಾಟ್, ದಿನಾಂಕ ಮತ್ತು ಕಳಿಸಿದವರ ಹೆಸರು ಕಾಣುವ ಹಾಗೆ. ಆಮೇಲೆ ಎಕ್ಸ್‌ಪೋರ್ಟ್, ಅಂದರೆ ಇಡೀ ಚಾಟನ್ನು ಫೈಲಾಗಿ ಉಳಿಸಿಕೊಳ್ಳುವುದು. ಆ ಕೆಲಸವನ್ನು ನೀವು ಮಾಡಿ, ಅವಳು ಮತ್ತೆ ಎಲ್ಲ ಓದುವ ಹಾಗೆ ಆಗಬಾರದು. ವಾಟ್ಸಾಪಿನಲ್ಲಿ ರಿಪೋರ್ಟ್ ಮಾಡಿದರೆ ಕೊನೆಯ ಐದು ಮೆಸೇಜ್ ಕಂಪನಿಗೆ ಹೋಗುತ್ತವೆ. ಹಾಗಾಗಿ ಕೆಟ್ಟದ್ದು ಬಂದ ತಕ್ಷಣ ಮಾಡಿದರೆ ಉಪಯೋಗ. ಗುರುತಿಲ್ಲದವರು ಗ್ರೂಪಿಗೆ ಎಳೆದುಕೊಳ್ಳದ ಹಾಗೆ ಪ್ರೈವೆಸಿ ಸೆಟ್ಟಿಂಗಿನಲ್ಲಿ ಬದಲಿಸಬಹುದು.

ನಿಮಗೆ ಬೇಕಾಗಿಲ್ಲ, ಓದುವ ಬೇರೆಯವರಿಗೆ ಬೇಕಾಗಬಹುದು ಅಂತ ಹೇಳುತ್ತೇನೆ. ಬಟ್ಟೆಯಿಲ್ಲದ ಫೋಟೊ ಹರಿದಾಡುತ್ತಿದ್ದರೆ 18 ತುಂಬಿದವರಿಗೆ ಸ್ಟಾಪ್‌ಎನ್‌ಸಿಐಐ, ಅದಕ್ಕಿಂತ ಚಿಕ್ಕವರಿದ್ದಾಗ ತೆಗೆದ ಫೋಟೊಗೆ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಗಳು ಇವೆ. ಫೋಟೊ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರಿಂದ ಬೆರಳಚ್ಚಿನಂಥ ಒಂದು ಕೋಡ್ ಮಾತ್ರ ಹೋಗುತ್ತದೆ. ಸೇರಿಕೊಂಡಿರುವ ತಾಣಗಳು ಆ ಕೋಡ್ ಹಿಡಿದು ಹುಡುಕಿ ತಡೆಯುತ್ತವೆ. ಮಕ್ಕಳ ಅಂಥ ಫೋಟೊವನ್ನು ಸಾಕ್ಷಿ ಅಂತಲೂ ಯಾರಿಗೂ ಫಾರ್ವರ್ಡ್ ಮಾಡಬೇಡಿ.

ಹೊಂಗೆನೆರಳು:

ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಕಿವಿಗೊಡುವವಳು ಹೇಳಿದ ಪ್ರಶ್ನೆ ಕೇಳಿದೆ. ಕೇಳುವ ಮೊದಲು ಅರ್ಧ ಗಂಟೆ ಅಡುಗೆಮನೆಯಲ್ಲಿ ಸುಮ್ನೆ ನಿಂತಿದ್ದೆ. "ಸಾಯಬೇಕು ಅಂತಲ್ಲ, ಶಾಲೆಯಲ್ಲಿ ಯಾರ ಕಣ್ಣಿಗೂ ಕಾಣದ ಹಾಗೆ ಇರಬೇಕು ಅನಿಸುತ್ತೆ" ಅಂದಳು. ಕೌನ್ಸೆಲರ್ ಹತ್ತಿರ ಎರಡು ಸಲ ಹೋಗಿ ಬಂದೆವು.

ಸ್ಟಿಕ್ಕರ್ ಮಾಡಿದ್ದು ಯಾರು ಗೊತ್ತಾ? ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತಿದ್ದ ಗೆಳತಿ. ಐದನೇ ತರಗತಿಯಿಂದ ಜೊತೆ. ನನ್ನ ಮಗಳು ಯಾರ ಹತ್ತಿರವೋ ಅವಳ ಮನೆಯ ವಿಷಯ ಆಡಿದ್ದಳಂತೆ. ಅದು ತಿರುಗಿ ಅವಳ ಕಿವಿಗೆ ಬಿದ್ದಿದೆ. ಅಂದರೆ ನಮ್ಮ ಕಡೆಯೂ ಒಂದು ತಪ್ಪಿತ್ತು. ಇದನ್ನು ಇಲ್ಲಿ ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಅವಳು ಕಳಿಸಿದ್ದು ಮೂವರಿಗೆ ಮಾತ್ರ. ಗ್ರೂಪಿಗೆ ಹಾಕಿದ್ದು ಬೇರೆ ಯಾರೋ. ಆಮೇಲೆ ನಿಲ್ಲಿಸಲು ಅವಳ ಕೈಯಲ್ಲೂ ಆಗಲಿಲ್ಲ.

ಕ್ಲಾಸ್ ಟೀಚರ್ ಯಾರ ಹೆಸರನ್ನೂ ಎತ್ತದೆ ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು ಮಾತಾಡಿದರು. ಗ್ರೂಪಿನಲ್ಲಿ ನಿಂತಿದೆ. ಒಂದು ಮನೆಯವರು ಮಾತ್ರ "ನಿಮ್ಮ ಹುಡುಗಿ ತುಂಬಾ ಸೆನ್ಸಿಟಿವ್" ಎಂದು ಫೋನ್ ಇಟ್ಟರು. ಆ ಇಬ್ಬರು ಗೆಳತಿಯರು ಇನ್ನೂ ಮಾತಾಡುತ್ತಿಲ್ಲ. ಸೋಮವಾರದ ಹೊಟ್ಟೆನೋವು ಒಂದು ವಾರ ಬರಲಿಲ್ಲ, ಈ ವಾರ ಮತ್ತೆ ಬಂತು. "ಅವರ ಫೋನಿನಲ್ಲೆಲ್ಲ ಅದು ಸೇವ್ ಆಗಿ ಇದ್ದೇ ಇರುತ್ತಲ್ವಾ ಅಮ್ಮ?" ಎಂದು ಕೇಳುತ್ತಾಳೆ. ಹೌದು ಅಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

ಹಳೆಬೇರು:

ಅಮ್ಮಾ, ಎರಡು ದಿನದಿಂದ ಬರೆಯಬೇಕು ಅಂದುಕೊಂಡು ಬಿಡುತ್ತಿದ್ದೇನೆ.

ನಮ್ಮ ಶಾಲಾ ಗೆಳೆಯರದ್ದೂ ಒಂದು ಗ್ರೂಪ್ ಇದೆ. ಎಲ್ಲ 60 ದಾಟಿದವರು. ಅದರಲ್ಲಿ ಒಬ್ಬನ ಸ್ಟಿಕ್ಕರ್ ಇದೆ. ಯಾವುದೋ ಮದುವೆಯಲ್ಲಿ ಅವನ ವಿಗ್ಗು ಜಾರಿದಾಗ ತೆಗೆದಿದ್ದು. ನಾವೆಲ್ಲ ದಿನಾ ಬೆಳಗ್ಗೆ ಶುಭೋದಯಕ್ಕೆ ಅದನ್ನೇ ಹಾಕುತ್ತೇವೆ. ನಾನೇ ಜಾಸ್ತಿ ಹಾಕುವವನು. ನಿನ್ನೆ ಹಿಂದಕ್ಕೆ ಹೋಗಿ ನೋಡಿದೆ. ಅವನು ಆ ಗ್ರೂಪಿನಲ್ಲಿ ಒಂದು ಮಾತು ಬರೆದು ಏಳು ತಿಂಗಳಾಗಿದೆ. ಯಾರೂ ಗಮನಿಸಿಲ್ಲ. ನಾನೂ.

ಇದನ್ನು ನನ್ನ ಫೋನಿನಿಂದ ತೆಗೆಯುವುದು ಹೇಗೆ? ಮೊಮ್ಮಗನನ್ನು ಕೇಳಲು ಸಂಕೋಚ.

ಸರ್ವರ್_ಸಿದ್ದ:

ಸ್ಟಿಕ್ಕರ್ ಪಟ್ಟಿ ತೆರೆದು, ಅದರ ಮೇಲೆ ಒತ್ತಿ ಹಿಡಿಯಿರಿ ಸರ್. ತೆಗೆದುಹಾಕುವ ಆಯ್ಕೆ ಬರುತ್ತದೆ.

ಹಳೆಬೇರು:

ತೆಗೆದೆ. ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಮತ್ತೆ ಮಾಡುತ್ತೇನೆ.